ನಾರಿನ ಹಲಗೆ ಎಲ್ಲಿ ಕೆಟ್ಟಿತು? ಸೆಣಬು, ಕತ್ತಾಳೆ, ತೆಂಗಿನ ನಾರಿನ ಕಾಂಪೋಸಿಟ್‌ಗಳ ದೋಷ ನಿವಾರಣೆ ಕೈಪಿಡಿ

ಅಚ್ಚಿನಿಂದ ಬಿಡಿಸಿದ ಹಲಗೆಯ ಮೈತುಂಬ ಗುಳ್ಳೆ. ಮೂರು ದಿನವಾದರೂ ಅಂಟು ಆರಿಲ್ಲ. ಮಂಡಿಗೆ ಒತ್ತಿ ಬಗ್ಗಿಸಿದರೆ ಲಟಕ್ಕನೆ ಮುರಿಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಊದಿ ಕಪ್ಪಾಯಿತು. ಗಾಜಿನ ನಾರಿನಲ್ಲಿ ವರ್ಷಗಟ್ಟಲೆ ಎಫ್‌ಆರ್‌ಪಿ (ನಾರು ಕೂಡಿಸಿ ಬಲಪಡಿಸಿದ ಪ್ಲಾಸ್ಟಿಕ್) ಕೆಲಸ ಮಾಡಿ ಕೈ ಪಳಗಿದವರೂ ಸೆಣಬಿಗೋ ಕತ್ತಾಳೆಗೋ ಬಂದಾಗ ಎಡವುವುದು ಇಲ್ಲೆಲ್ಲ. ಕಾರಣ ಒಂದೇ: ಗಾಜು ನೀರು ಕುಡಿಯುವುದಿಲ್ಲ, ಗಿಡದ ನಾರು ಕುಡಿಯುತ್ತದೆ. ಒಣಗಿದಂತೆ ಕಾಣುವ ಸೆಣಬಿನ ಬಟ್ಟೆ ಸಾಧಾರಣ ಹವೆಯಲ್ಲಿ ತನ್ನ ತೂಕದ ಶೇ. 12ರಷ್ಟು ನೀರನ್ನು ಒಳಗಿಟ್ಟುಕೊಂಡಿರುತ್ತದೆ. ಕೈಗೆ ಅದು ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ.

ಇಲ್ಲಿ ಹೇಳಿರುವುದು ಹೆಚ್ಚಾಗಿ ಕೈಯಿಂದ ಪದರ ಹಾಕಿ ಮಾಡುವ ಹಲಗೆ, ಟ್ರೇ, ಬಾಗಿಲ ಪ್ಯಾನೆಲ್, ಕುರ್ಚಿಯ ಚಿಪ್ಪುಗಳಿಗೆ ಸಂಬಂಧಿಸಿದ್ದು. ನಾರು ಸೆಣಬಾಗಿರಬಹುದು, ಉತ್ತರ ಕರ್ನಾಟಕದ ಪುಂಡಿಯಾಗಿರಬಹುದು, ಕತ್ತಾಳೆ, ಬಾಳೆ, ತೆಂಗು, ಮಲೆನಾಡಿನ ಅಡಿಕೆ ಸಿಪ್ಪೆ ಯಾವುದಾದರೂ ಸರಿ. ನಾರನ್ನು ಹಿಡಿದಿಟ್ಟು ಗಟ್ಟಿಯಾಗುವ ಅಂಟೇ ರೆಸಿನ್, ಎರಡೂ ಕೂಡಿದ್ದು ಕಾಂಪೋಸಿಟ್. ಇಲ್ಲಿ ರೆಸಿನ್ ಎಂದರೆ ಜಿಪಿ (ಸಾಮಾನ್ಯ ಬಳಕೆಯ) ಪಾಲಿಯೆಸ್ಟರ್ ಅಥವಾ ಎಪಾಕ್ಸಿ. ಬಿಸಿ ಪ್ರೆಸ್‌ನಲ್ಲಿ ಪಾಲಿಪ್ರೊಪಿಲೀನ್ (ಬಿಸಿಗೆ ಕರಗುವ ಪ್ಲಾಸ್ಟಿಕ್) ಜೊತೆ ಒತ್ತುವವರಿಗೆ ಕೊನೆಯ ಕಡೆ ಒಂದು ಭಾಗವಿದೆ.

ಕೈ ಹಾಕುವ ಮುನ್ನ

ಪಾಲಿಯೆಸ್ಟರ್‌ಗೆ ಹಾಕುವ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರಾವಣ) ಮತ್ತು ಎಂಇಕೆಪಿ ಕ್ಯಾಟಲಿಸ್ಟ್ (ಗಟ್ಟಿಯಾಗುವ ಕ್ರಿಯೆ ಶುರುಮಾಡುವ ದ್ರವ) ಇವೆರಡನ್ನು ಎಂದೂ ನೇರವಾಗಿ ಬೆರೆಸಬೇಡಿ. ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆಯೇ ಕ್ಯಾಟಲಿಸ್ಟ್. ಎರಡಕ್ಕೂ ಒಂದೇ ಅಳತೆ ಲೋಟ, ಒಂದೇ ಸಿರಿಂಜ್ ಬಳಸಬೇಡಿ. ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಕನ್ನಡಕ ಕಡ್ಡಾಯ. ಸಿಡಿದರೆ ತಕ್ಷಣ 15 ನಿಮಿಷ ಹರಿಯುವ ನೀರಿನಲ್ಲಿ ಕಣ್ಣು ತೊಳೆದು ಆಸ್ಪತ್ರೆಗೆ ಹೋಗಿ.

ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ 31 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಲ್ಲ ಆವಿ ಬಿಡುತ್ತದೆ. ನಮ್ಮ ಬೇಸಿಗೆಯಲ್ಲಿ ಅಂದರೆ ಬಹುಪಾಲು ಇಡೀ ದಿನ. ಬೀಡಿ, ಸ್ಟೌ, ಗ್ರೈಂಡರ್‌ನ ಕಿಡಿ ಹತ್ತಿರ ಸುಳಿಯಬಾರದು, ಗಾಳಿ ಆಡುವಂತಿರಬೇಕು. ನಾರು ಕತ್ತರಿಸುವಾಗ, ಹಲಗೆ ಉಜ್ಜುವಾಗ ಎನ್95 ಮಾಸ್ಕ್ ಹಾಕಿ. ಆದರೆ ಅದು ದೂಳಿಗೆ ಮಾತ್ರ. ಸ್ಟೈರೀನ್ ಆವಿಯನ್ನು ಅದು ತಡೆಯುವುದಿಲ್ಲ, ಅದಕ್ಕೆ ಇದ್ದಿಲು ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು.

ಮೊದಲು ಮೂರು ಪುಕ್ಕಟೆ ಪರೀಕ್ಷೆ

ಯಾವ ದೋಷವೇ ಇರಲಿ, ರೆಸಿನ್ ಬದಲಾಯಿಸುವ ಮುಂಚೆ, ನಾರು ಕೊಟ್ಟವರ ಮೇಲೆ ಹರಿಹಾಯುವ ಮುಂಚೆ ಈ ಮೂರನ್ನು ಮಾಡಿ. ಹತ್ತು ನಿಮಿಷದ ಕೆಲಸ.

ಬಡಿದು ಕೇಳಿ. ಹಲಗೆಯನ್ನು ಎರಡು ಬದಿಯಲ್ಲಿ ಮಾತ್ರ ಆನಿಸಿ, ಐದು ರೂಪಾಯಿ ನಾಣ್ಯದ ಅಂಚಿನಿಂದ ಅಂಗುಲ ಅಂಗುಲಕ್ಕೆ ತಟ್ಟುತ್ತಾ ಹೋಗಿ. ಸದ್ದು ಎಲ್ಲ ಕಡೆ ಒಂದೇ ತರಹ ಟಣ್ ಎಂದರೆ ಪದರಗಳು ಕೂಡಿಕೊಂಡಿವೆ. ಎಲ್ಲಾದರೂ ಡಬ್ ಎಂದು ಮಂಕಾದರೆ ಒಳಗೆ ಪದರ ಬಿಟ್ಟಿದೆ ಅಥವಾ ಗಾಳಿ ಕೂತಿದೆ. ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ.

ತೂಗಿ ನೋಡಿ. ಅಂಚು ಕತ್ತರಿಸಿ ಚೌಕ ಮಾಡಿದ ಹಲಗೆಯ ಉದ್ದ, ಅಗಲ, ದಪ್ಪ ಅಳೆದು ತೂಕ ಹಾಕಿ. ಸೆಣಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.4 ಗ್ರಾಂ, ಗಟ್ಟಿಯಾದ ಪಾಲಿಯೆಸ್ಟರ್‌ನದು 1.2 ಗ್ರಾಂ. ತೂಕದಲ್ಲಿ ಶೇ. 30 ನಾರಿದ್ದರೆ ಹಲಗೆಯ ಸಾಂದ್ರತೆ 1.25 ಬರಬೇಕು. 300 × 300 × 4 ಮಿಲಿಮೀಟರ್ ಹಲಗೆ ಎಂದರೆ 360 ಘನ ಸೆಂಟಿಮೀಟರ್, ಅದು 450 ಗ್ರಾಂ ತೂಗಬೇಕು. ನಿಮ್ಮದು 410 ಗ್ರಾಂ ಬಂತೇ? ಹಾಗಾದರೆ ಹಲಗೆಯ ಶೇ. 9ರಷ್ಟು ಜಾಗದಲ್ಲಿ ಗಾಳಿ ತುಂಬಿದೆ. ಕೈಕೆಲಸದಲ್ಲಿ ಶೇ. 3–4 ಸಹಜ, 5 ದಾಟಿದರೆ ಕಾರಣ ಹುಡುಕಬೇಕು. ದಪ್ಪವನ್ನು ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ, ಇಲ್ಲವಾದರೆ ಲೆಕ್ಕವೇ ದಾರಿ ತಪ್ಪಿಸುತ್ತದೆ.

ಕೊಯ್ದ ಅಂಚು ನೋಡಿ. ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, 400 ನಂಬರ್ ಉಜ್ಜುಕಾಗದದಲ್ಲಿ ನಯ ಮಾಡಿ, ಭೂತಕನ್ನಡಿಯಲ್ಲಿ ನೋಡಿ. ನಾರಿನ ಗೊಂಚಲಿನ ನಡುವೆ ರೆಸಿನ್ ಹೊಳೆಯಬೇಕು. ಗೊಂಚಲ ನಡುಭಾಗ ಹತ್ತಿಯಂತೆ ಮಂಕಾಗಿದ್ದರೆ ರೆಸಿನ್ ಒಳಗಿಳಿದಿಲ್ಲ. ಅಂಚಿಗೆ ಒಂದು ತೊಟ್ಟು ಇಂಕು ಹಚ್ಚಿ ಒರೆಸಿದರೆ ಇನ್ನೂ ಸ್ಪಷ್ಟ: ಸೋರುವ ದಾರಿಗಳಲ್ಲಿ ಇಂಕು ಗೆರೆಯಾಗಿ ನಿಲ್ಲುತ್ತದೆ.

ಲಕ್ಷಣ: ಗುಳ್ಳೆ, ಸೂಜಿಮೊನೆಯಷ್ಟು ತೂತುಗಳು

ಗುಳ್ಳೆ ಎಲ್ಲಿದೆ ಎಂಬುದೇ ಅರ್ಧ ಉತ್ತರ. ಅಚ್ಚಿಗೆ ತಾಗಿದ ಬದಿಯಲ್ಲಿ ಮಾತ್ರ ಇದ್ದರೆ ರೋಲರ್ ಕೆಲಸ ಸಾಲದು: ಮೊದಲ ಪದರದ ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಅಚ್ಚಿಗೆ ಮೊದಲು ರೆಸಿನ್ ಹಚ್ಚಿ, ಅದರ ಮೇಲೆ ಬಟ್ಟೆ ಹಾಸಿ, ಕೆಳಗಿನಿಂದ ರೆಸಿನ್ ಮೇಲೆ ಏರಿ ಬಟ್ಟೆಯ ಬಣ್ಣ ಗಾಢವಾಗುವ ತನಕ ಕಾಯಿರಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ರೋಲರ್ ಎಳೆಯಿರಿ. ಒಣ ಬಟ್ಟೆಯ ಮೇಲೆ ರೆಸಿನ್ ಸುರಿದರೆ ಗಾಳಿಗೆ ಹೊರಬರಲು ದಾರಿಯೇ ಇರುವುದಿಲ್ಲ.

ಗುಳ್ಳೆ ಇಡೀ ದಪ್ಪದಲ್ಲಿ ಸಮನಾಗಿ ಹರಡಿದ್ದರೆ, ಅದರಲ್ಲೂ ನಾರಿನ ಎಳೆಗುಂಟ ಸಾಲಾಗಿ ಕೂತಿದ್ದರೆ, ತೇವದ ಮೇಲೆ ಅನುಮಾನ ಪಡಿ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಆ ಬಿಸಿಗೆ ನಾರಿನಲ್ಲಿದ್ದ ನೀರು ಆವಿಯಾಗಿ ಹೊರಗೆ ಬರಲು ನೋಡುತ್ತದೆ. ಪರೀಕ್ಷೆ ಸುಲಭ. ಚೀಲದಿಂದ ತೆಗೆದ ನಾರು 100 ಗ್ರಾಂ ತೂಗಿ, 105 ಡಿಗ್ರಿ ಓವನ್‌ನಲ್ಲಿಡಿ. ಗಂಟೆಗೊಮ್ಮೆ ತೂಗಿ, ಎರಡು ಬಾರಿ ಒಂದೇ ತೂಕ ಬಂದಾಗ ನಿಲ್ಲಿಸಿ. 90 ಗ್ರಾಂ ಉಳಿದರೆ ಅದರಲ್ಲಿ 10 ಗ್ರಾಂ ನೀರಿತ್ತು. ಕೆಲಸಕ್ಕೆ ತೆಗೆದುಕೊಳ್ಳುವ ನಾರು ಶೇ. 2–3ಕ್ಕಿಂತ ಕೆಳಗಿರಲಿ. ದಿನಬಳಕೆಗೆ 80 ಡಿಗ್ರಿಯಲ್ಲಿ ಆರೇಳು ಗಂಟೆ ಒಣಗಿಸಿದರೆ ಸಾಕು, ತೆಳ್ಳಗೆ ಹರವಿರಬೇಕು ಅಷ್ಟೆ. ಬಿಸಿಲು ಒಳ್ಳೆಯದೇ, ಆದರೆ ಬಿಸಿಲೊಂದರಿಂದ ಅಲ್ಲಿಗೆ ಮುಟ್ಟುವುದು ಕಷ್ಟ.

ಒಣಗಿಸುವುದಕ್ಕಿಂತ ಒಣಗಿದ್ದನ್ನು ಕಾಯುವುದು ದೊಡ್ಡ ಕೆಲಸ. ಕರಾವಳಿಯ ಜುಲೈ ಹವೆಯಲ್ಲಿ ಓವನ್‌ನಿಂದ ತೆಗೆದು ಮೇಜಿನ ಮೇಲಿಟ್ಟ ನಾರು ನೀವು ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ತೇವ ಎಳೆದುಕೊಂಡಿರುತ್ತದೆ. ಬಿಸಿ ಇರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯಿರಿ, ಬೇಕಾದಷ್ಟೇ ತೆಗೆಯಿರಿ.

ಇನ್ನೊಂದು ಕಾರಣ ಅವಸರ. ಕ್ಯಾಟಲಿಸ್ಟ್ ಹೆಚ್ಚಾಗಿ ರೆಸಿನ್ ಹತ್ತು ನಿಮಿಷದಲ್ಲೇ ಗಟ್ಟಿಯಾದರೆ ಗಾಳಿ ಹೊರಹೋಗುವ ಮುಂಚೆಯೇ ಬಾಗಿಲು ಮುಚ್ಚಿದಂತೆ. 25–30 ನಿಮಿಷ ಕೈಗೆ ಸಿಗುವಂತೆ ಹೊಂದಿಸಿಕೊಳ್ಳಿ.

ಲಕ್ಷಣ: ಗಟ್ಟಿಯಾಗುತ್ತಿಲ್ಲ, ಅಂಟಂಟು

ಉಗುರಿನಿಂದ ಒತ್ತಿ ನೋಡಿ. ಮೇಲ್ಪದರ ಮಾತ್ರ ಅಂಟಾಗಿದ್ದು ಒಳಗೆ ಗಟ್ಟಿಯಿದ್ದರೆ ಅದು ರೋಗವಲ್ಲ. ಪಾಲಿಯೆಸ್ಟರ್ ಗಾಳಿಗೆ ತೆರೆದುಕೊಂಡ ಕಡೆ ಆಮ್ಲಜನಕ ಅದನ್ನು ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ. ಕೊನೆಯ ಪದರದ ಮೇಲೆ ಪಾಲಿಯೆಸ್ಟರ್ ಫಿಲ್ಮ್ ಹಾಸಿದರೆ ಅಥವಾ ವ್ಯಾಕ್ಸ್ ಬೆರೆಸಿದ ಟಾಪ್‌ಕೋಟ್ ಬಳಿದರೆ ಸರಿಹೋಗುತ್ತದೆ. ಎಪಾಕ್ಸಿಯ ಮೇಲೆ ಮಳೆಗಾಲದಲ್ಲಿ ಜಿಡ್ಡಿನಂಥ ಪೊರೆ ಬಂದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ಪಂಜಿನಿಂದ ತೊಳೆದು ಒಣಗಿಸಿ. ತೊಳೆಯದೆ ಉಜ್ಜಿದರೆ ಜಿಡ್ಡು ಹರಡುತ್ತದೆ, ಮುಂದಿನ ಪದರ ಅಂಟುವುದಿಲ್ಲ.

ಉಗುರು ಒಳಗೇ ಇಳಿದರೆ ಮಾತ್ರ ತನಿಖೆ ಬೇಕು. ಮೊದಲು ಅಳತೆ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟ್ ತೂಕದಲ್ಲಿ ಶೇ. 1ರಿಂದ 2. ಬೇಸಿಗೆಯ 35 ಡಿಗ್ರಿಗೆ 1, ಬೆಳಗಿನ ಚಳಿಯ 20 ಡಿಗ್ರಿಗೆ 2. ಒಂದಕ್ಕಿಂತ ಕಡಿಮೆ ಮಾಡಿ ಸಮಯ ಗಳಿಸಲು ಹೋದರೆ ರೆಸಿನ್ ಕೊನೆಗೂ ಪೂರ್ತಿ ಬಲಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಕೋಬಾಲ್ಟ್ ದ್ರಾವಣದ ಬಲ ಬೇರೆ ಬೇರೆ ಇರುತ್ತದೆ, ಆದ್ದರಿಂದ ಡಬ್ಬಿ ಬದಲಾದಾಗ ಅಳತೆಯನ್ನು ಮಾರುವವರಿಂದ ಕೇಳಿಯೇ ಹಾಕಿ. ಮೊದಲೇ ಕೋಬಾಲ್ಟ್ ಬೆರೆಸಿದ ರೆಸಿನ್‌ಗೆ ಮತ್ತೆ ಹಾಕಬೇಡಿ.

ಎಪಾಕ್ಸಿಯ ಧರ್ಮವೇ ಬೇರೆ. ಉದಾಹರಣೆಗೆ ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ಎಲ್‌ವೈ556 ರೆಸಿನ್‌ಗೆ ಎಚ್‌ವೈ951 ಹಾರ್ಡ್‌ನರ್ (ಎಪಾಕ್ಸಿಯನ್ನು ಗಟ್ಟಿ ಮಾಡುವ ದ್ರವ) 100 ಗ್ರಾಂಗೆ 10 ಗ್ರಾಂ. ಬೇಗ ಆಗಲಿ ಎಂದು 12 ಹಾಕುವಂತಿಲ್ಲ, ನಿಧಾನವಾಗಲಿ ಎಂದು 8 ಹಾಕುವಂತಿಲ್ಲ. ಎರಡೂ ಬಗೆಯಲ್ಲಿ ಹಲಗೆ ಮೆತ್ತಗಾಗುತ್ತದೆ. ಕಣ್ಣಂದಾಜು, ಮುಚ್ಚಳದ ಅಳತೆ ಬೇಡ. ತೂಗಿ ಹಾಕಿ, ಲೋಟದ ತಳ ಮತ್ತು ಬದಿ ಕೆರೆಯುತ್ತಾ ಮೂರು ನಿಮಿಷ ಕಲಸಿ.

ಅಳತೆ ಸರಿಯಿದ್ದೂ ಪಾಲಿಯೆಸ್ಟರ್ ಗಟ್ಟಿಯಾಗದಿದ್ದರೆ ಮೂರು ಬಟ್ಟಲಿನ ಪರೀಕ್ಷೆ ಮಾಡಿ. ಕೋಬಾಲ್ಟ್ ಬೆರೆತ ರೆಸಿನ್ 100 ಗ್ರಾಂನಂತೆ ಮೂರು ಅಗಲ ಬಟ್ಟಲಿಗೆ ಹಾಕಿ. ಮೂರಕ್ಕೂ ಒಂದೂವರೆ ಗ್ರಾಂ ಕ್ಯಾಟಲಿಸ್ಟ್. ಮೊದಲನೆಯದು ಖಾಲಿ ರೆಸಿನ್. ಎರಡನೆಯದಕ್ಕೆ ಚೀಲದಲ್ಲಿದ್ದ ನಾರನ್ನು ಸಣ್ಣಗೆ ಕತ್ತರಿಸಿ 10 ಗ್ರಾಂ. ಮೂರನೆಯದಕ್ಕೆ ಅದೇ ನಾರನ್ನು ಓವನ್‌ನಲ್ಲಿ ಒಣಗಿಸಿ 10 ಗ್ರಾಂ. ಹತ್ತು ನಿಮಿಷಕ್ಕೊಮ್ಮೆ ಕಡ್ಡಿ ಚುಚ್ಚಿ ನೋಡಿ.

ಖಾಲಿ ರೆಸಿನ್ ಕೂಡ ಗಟ್ಟಿಯಾಗದಿದ್ದರೆ ನಾರಿನ ತಪ್ಪೇನೂ ಇಲ್ಲ: ರೆಸಿನ್ ಹಳತು ಅಥವಾ ಬಿಸಿಲಲ್ಲಿಟ್ಟ ಕ್ಯಾಟಲಿಸ್ಟ್ ಸತ್ತಿದೆ. ಮೊದಲನೆಯದು, ಮೂರನೆಯದು ಗಟ್ಟಿಯಾಗಿ ಎರಡನೆಯದು ಮೆತ್ತಗೇ ಉಳಿದರೆ ತೇವವೇ ಕಾರಣ. ಖಾಲಿ ರೆಸಿನ್ ಮಾತ್ರ ಗಟ್ಟಿಯಾಗಿ ನಾರು ಬಿದ್ದ ಎರಡೂ ಹಿಂದುಳಿದರೆ ನಾರಿನಲ್ಲಿರುವ ಒಗರು ಅಡ್ಡ ಬಂದಿದೆ. ಅಡಿಕೆ ಸಿಪ್ಪೆ, ತೆಂಗಿನ ನಾರಿನಲ್ಲಿ ಫೀನಾಲ್ ಜಾತಿಯ ವಸ್ತುಗಳು ಹೆಚ್ಚು, ಅವು ಪಾಲಿಯೆಸ್ಟರ್ ಗಟ್ಟಿಯಾಗುವ ಕ್ರಿಯೆಯನ್ನು ತಡೆಯುತ್ತವೆ. ನಾರನ್ನು ಬಿಸಿನೀರಿನಲ್ಲಿ ನೆನೆಸಿ, ನೀರು ಚಹಾದ ಬಣ್ಣಕ್ಕೆ ತಿರುಗಿದಾಗ ಚೆಲ್ಲಿ, ಬಣ್ಣ ಬಿಡುವುದು ನಿಲ್ಲುವ ತನಕ ನೀರು ಬದಲಿಸಿ, ಒಣಗಿಸಿ ಬಳಸಿ. ಎಪಾಕ್ಸಿಗೆ ಈ ತೊಂದರೆ ಕಡಿಮೆ.

ಬಟ್ಟಲಿನ ರೆಸಿನ್ ಕೈ ಮುಟ್ಟಲಾಗದಷ್ಟು ಬಿಸಿಯಾಗಿ ಹೊಗೆಯಾಡಿದರೆ ಬಯಲಿಗೆ ತಂದು ಮಣ್ಣಿನ ಮೇಲಿಡಿ, ಮುಖ ಬಗ್ಗಿಸಬೇಡಿ.

ಲಕ್ಷಣ: ಬಿಳಿಚಿದ ತೇಪೆ, ಒಣ ನಾರು ಎದ್ದು ಕಾಣುವುದು

ಗೋಣಿ ಬಟ್ಟೆ ತಂದಿದ್ದರೆ ಅದರ ಮೇಲೆ ಒಂದು ಹನಿ ನೀರು ಬಿಡಿ. ಸೆಣಬು ನೀರಿನ ನೆಂಟ, ಹನಿ ಕೆಲವೇ ಸೆಕೆಂಡಿನಲ್ಲಿ ಹರಡಿ ಇಂಗಬೇಕು. ಕೆಸುವಿನ ಎಲೆಯ ಮೇಲೆ ನಿಂತಂತೆ ಗುಂಡಗೆ ನಿಂತರೆ ಬಟ್ಟೆಯಲ್ಲಿ ಎಣ್ಣೆಯಿದೆ. ಗಿರಣಿಯಲ್ಲಿ ಸೆಣಬು ಮೆದುವಾಗಲೆಂದು ಎಣ್ಣೆ ಕಲಸಿದ ನೀರು ಸಿಂಪಡಿಸುತ್ತಾರೆ, ಸಾಮಾನ್ಯ ಗೋಣಿಯ ಸೀಮೆಎಣ್ಣೆಯಂಥ ವಾಸನೆ ಅದರದ್ದೇ. ಅದು ಅಲ್ಲೇ ಇರುವಾಗ ಯಾವ ರೆಸಿನ್ ಕೂಡ ನಾರನ್ನು ಹಿಡಿಯುವುದಿಲ್ಲ. ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ಒಗೆದು, ನೊರೆ ಪೂರ್ತಿ ಹೋಗುವಂತೆ ಜಾಲಿಸಿ, ಒಣಗಿಸಿ ಮತ್ತೆ ಹನಿ ಪರೀಕ್ಷೆ ಮಾಡಿ.

ಹನಿ ಇಂಗುತ್ತಿದೆ, ಆದರೂ ತೇಪೆ ಬಂದಿದೆ ಎಂದರೆ ರೆಸಿನ್ ಸಾಲದು. ಗಾಜಿನ ಮ್ಯಾಟ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಸೆಣಬು ಹೆಚ್ಚು ಕುಡಿಯುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆ ನಾಲ್ಕು ಪದರ ಎಂದರೆ 1.2 ಕೆಜಿ ನಾರು. ಅದಕ್ಕೆ 2.8ರಿಂದ 3.6 ಕೆಜಿ ರೆಸಿನ್ ಬೇಕು, ಹಲಗೆ ಮೂರೂಕಾಲರಿಂದ ನಾಲ್ಕು ಮಿಲಿಮೀಟರ್ ದಪ್ಪ ಬರುತ್ತದೆ. ಉಳಿಸಲು ಹೋಗಿ ರೆಸಿನ್ ಕಡಿಮೆ ಮಾಡಿದರೆ ನಾರು ಹೆಚ್ಚಾದದ್ದರಿಂದ ಹಲಗೆ ಬಲವಾಗುವುದಿಲ್ಲ, ಬಡವಾಗುತ್ತದೆ. ಹೆಚ್ಚು ನಾರು ಬೇಕೇ ಬೇಕೆಂದರೆ ಮೇಲೆ ಭಾರ ಹೇರುವುದೋ ವ್ಯಾಕ್ಯೂಮ್ ಬ್ಯಾಗ್ (ಒಳಗಿನ ಗಾಳಿ ಹೀರಿ ಹಲಗೆಯನ್ನು ಒತ್ತುವ ಚೀಲ) ಹಾಕುವುದೋ ದಾರಿ. ರೆಸಿನ್ ಮಂದವಾಗಿದ್ದರೆ ಸ್ಟೈರೀನ್ ಸುರಿಯುವ ಅಭ್ಯಾಸವಿದೆ. ಶೇ. 5 ದಾಟಿದರೆ ಹಲಗೆ ಕುಗ್ಗಿ ಬಿರುಕು ಬಿಡುವ ಸಂಭವ ಹೆಚ್ಚು. ಚಳಿಗಾಲವಾದರೆ ರೆಸಿನ್ ಡಬ್ಬಿಯನ್ನು ಬೆಚ್ಚಗಿನ ಕೋಣೆಯಲ್ಲಿ ಒಂದು ರಾತ್ರಿ ಇಟ್ಟರೆ ತಾನೇ ತೆಳ್ಳಗಾಗುತ್ತದೆ. ಒಲೆಯ ಮೇಲಂತೂ ಬೇಡ.

ಲಕ್ಷಣ: ಬೇಗ ಮುರಿಯುತ್ತದೆ

ಮುರಿದ ತುಂಡನ್ನು ಎಸೆಯಬೇಡಿ. ಮುರಿದ ಬಾಯಿಯನ್ನು ಬಿಸಿಲಿಗೆ ಹಿಡಿದು ಭೂತಕನ್ನಡಿಯಲ್ಲಿ ನೋಡಿದರೆ ಅದು ಎಲ್ಲವನ್ನೂ ಹೇಳುತ್ತದೆ.

ಒಂದು ಬದಿಯಲ್ಲಿ ಉದ್ದುದ್ದ ನಾರುಗಳು ಬ್ರಷ್‌ನ ಕೂದಲಂತೆ ಚಾಚಿವೆ, ಅವುಗಳ ಮೈಮೇಲೆ ರೆಸಿನ್‌ನ ಚೂರೂ ಇಲ್ಲ. ಇನ್ನೊಂದು ಬದಿಯಲ್ಲಿ ಅವು ಕಿತ್ತು ಬಂದ ನುಣುಪು ತೂತುಗಳು. ಅಂದರೆ ನಾರು ಮುರಿದಿಲ್ಲ, ಜಾರಿದೆ: ಹಿಡಿತ ಸಾಲದು. ಎಣ್ಣೆ, ಮೇಣ, ಪೆಕ್ಟಿನ್ (ಗಿಡದ ಅಂಟುಪದಾರ್ಥ) ನಾರಿನ ಮೈಗೆ ಮೆತ್ತಿಕೊಂಡಿವೆ.

ನಾರು ರೆಸಿನ್ ಜೊತೆಗೇ ಸಪಾಟಾಗಿ ತುಂಡಾಗಿದೆ, ಮುರಿದ ಬಾಯಿ ಬಿಸ್ಕತ್ತಿನಂತಿದೆ ಎಂದರೆ ಹಿಡಿತಕ್ಕೇನೂ ಕೊರತೆಯಿಲ್ಲ, ನಾರಿಗೇ ಬಲವಿಲ್ಲ. ನೀರಿನಲ್ಲಿ ಅತಿಯಾಗಿ ಕೊಳೆಸಿದ ನಾರು, ಕಾಸ್ಟಿಕ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟ ನಾರು, ಓವನ್‌ನಲ್ಲಿ ಕಂದಿದ ನಾರು ಹೀಗೆ ಮುರಿಯುತ್ತವೆ. ಚೀಲದಿಂದ ಹತ್ತು ಎಳೆ ತೆಗೆದು ಒಂದೊಂದನ್ನೂ ಬೆರಳಿಗೆ ಸುತ್ತಿ ಜಗ್ಗಿ ನೋಡಿ. ಒಳ್ಳೆಯ ಕತ್ತಾಳೆ ಎಳೆ ಬೆರಳನ್ನು ಕೊಯ್ಯುವಂತೆ ಎಳೆಯುತ್ತದೆ, ಕೆಟ್ಟದ್ದು ಟಪ್ ಎಂದು ಬಿಡುತ್ತದೆ.

ಮುರಿದ ಕಡೆ ನಾರೇ ಕಾಣದಿದ್ದರೆ ಹರಡುವುದರಲ್ಲಿ ತಪ್ಪಾಗಿದೆ, ಅಲ್ಲಿ ಬರೀ ರೆಸಿನ್ ನಿಂತಿದೆ. ಪದರಗಳ ನಡುವೆಯೇ ಪುಸ್ತಕ ತೆರೆದಂತೆ ಬಿಚ್ಚಿದರೆ ಮೊದಲ ಪದರ ಪೂರ್ತಿ ಗಟ್ಟಿಯಾದ ಮೇಲೆ ಎರಡನೆಯದು ಹಾಕಿದ್ದೀರಿ, ಅಥವಾ ನಡುವೆ ದೂಳು ಕೂತಿದೆ. ಒಂದು ರಾತ್ರಿ ಬಿಟ್ಟು ಮುಂದುವರಿಸುವುದಿದ್ದರೆ 80 ನಂಬರ್ ಉಜ್ಜುಕಾಗದದಿಂದ ತರಿ ಮಾಡಿ, ಒರೆಸಿ, ಆಮೇಲೆ ರೆಸಿನ್ ಹಚ್ಚಿ.

ಹಿಡಿತ ಸಾಲದ ನಾರಿಗೆ ಮದ್ದು ಕಾಸ್ಟಿಕ್ ಸೋಡಾ. ಇದು ನಾರಿನ ಮೈಯ ಮೇಣ, ಪೆಕ್ಟಿನ್, ಒಂದಷ್ಟು ಹೆಮಿಸೆಲ್ಯುಲೋಸ್ ಕಳೆದು ಮೈಯನ್ನು ತರಿ ಮಾಡುತ್ತದೆ, ರೆಸಿನ್‌ಗೆ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. 100 ಗ್ರಾಂ ನಾರಿಗೆ ಎರಡು ಲೀಟರ್ ದ್ರಾವಣ, ಅದರಲ್ಲಿ 100 ಗ್ರಾಂ ಕಾಸ್ಟಿಕ್ ಹರಳು, ಅಂದರೆ ಶೇ. 5. ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಮಾತ್ರ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ನೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಕುದಿದು ಸಿಡಿಯುತ್ತದೆ. ದ್ರಾವಣ ತಣ್ಣಗಾದ ಮೇಲೆ ನಾರು ಮುಳುಗಿಸಿ ಎರಡರಿಂದ ನಾಲ್ಕು ಗಂಟೆ ಬಿಡಿ. ತೆಗೆದು ನಾಲ್ಕೈದು ನೀರಿನಲ್ಲಿ ಜಾಲಿಸಿ. ಕೊನೆಯ ನೀರಿಗೆ ಅಡುಗೆಮನೆಯ ಬಿಳಿ ವಿನೆಗರ್ ಬೆರೆಸಿ: ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು, ಆಮ್ಲ ಸುಮಾರು ಶೇ. 1 ಆಗುತ್ತದೆ. ಆಮೇಲೆ ಮತ್ತೆ ಬರೀ ನೀರು, ಪಿಎಚ್ ಪಟ್ಟಿ 7 ತೋರಿಸುವ ತನಕ. ನಾರಿನಲ್ಲುಳಿದ ಕ್ಷಾರ ರೆಸಿನ್ ಕೆಲಸವನ್ನೂ ಕೆಡಿಸುತ್ತದೆ, ನಾರನ್ನೂ ದಿನದಿಂದ ದಿನಕ್ಕೆ ತಿನ್ನುತ್ತದೆ. ನೆರಳಲ್ಲಿ ಆರಿಸಿ ಓವನ್‌ನಲ್ಲಿ ಒಣಗಿಸಿ.

ತೂಕ ಇಳಿಯುವುದು ಸಹಜ. ಬಟ್ಟೆಯಾದರೆ ಕುಗ್ಗುತ್ತದೆ, ಆದ್ದರಿಂದ ಅಚ್ಚಿನ ಅಳತೆಗೆ ಮೊದಲೇ ಕತ್ತರಿಸಬೇಡಿ. ಎಳೆಗಳು ಉಣ್ಣೆಯಂತೆ ಸುರುಳಿಯಾಗಿ, ಜಗ್ಗಿದರೆ ಪುಡಿಯಾಗುತ್ತಿದ್ದರೆ ದ್ರಾವಣ ಗಡುಸಾಯಿತು ಅಥವಾ ಹೊತ್ತು ಮೀರಿತು. ಅದನ್ನು ಸರಿಪಡಿಸುವ ದಾರಿಯಿಲ್ಲ, ಬೇರೆ ನಾರು ತೆಗೆದುಕೊಳ್ಳಿ. ಬಳಸಿದ ದ್ರಾವಣವನ್ನು ಗಿಡದ ಬುಡಕ್ಕೋ ಚರಂಡಿಗೋ ಹಾಗೇ ಸುರಿಯದೆ ವಿನೆಗರ್‌ನಿಂದ ತಟಸ್ಥ ಮಾಡಿ ಚೆಲ್ಲಿ. ಗಿಡದ ನಾರನ್ನು ಆರಿಸಿಕೊಂಡದ್ದೇ ನೆಲ ಕೆಡದಿರಲಿ ಎಂದಲ್ಲವೇ.

ಮುರಿಯುವುದಿಲ್ಲ, ಆದರೆ ಬಳುಕುತ್ತದೆ ಎಂಬ ದೂರೂ ಬರುತ್ತದೆ, ಹೆಚ್ಚಾಗಿ ತೆಂಗಿನ ನಾರಿನ ಹಲಗೆಗೆ. ಅದು ದೋಷವಲ್ಲ, ಆ ನಾರಿನ ಗುಣ. ತೆಂಗಿನ ನಾರಿನಲ್ಲಿ ಲಿಗ್ನಿನ್ (ಮರದಲ್ಲೂ ಇರುವ ಅಂಟಿಸುವ ವಸ್ತು) ಶೇ. 40ರ ಮೇಲೆ, ನಾರಿಗೆ ಬಿಗಿ ಕೊಡುವ ಸೆಲ್ಯುಲೋಸ್ ಕಡಿಮೆ. ಅದು ಮುರಿಯುವ ಮುನ್ನ ತನ್ನ ಉದ್ದದ ಶೇ. 15ಕ್ಕೂ ಹೆಚ್ಚು ಹಿಗ್ಗುತ್ತದೆ, ಸೆಣಬು ಶೇ. 2ರೊಳಗೇ ತುಂಡಾಗುತ್ತದೆ. ಪೆಟ್ಟು ತಡೆಯಲು ತೆಂಗು, ಬಿಗಿಯಾಗಿ ನಿಲ್ಲಲು ಸೆಣಬು. ಹೊರಗಿನ ಎರಡು ಪದರ ಸೆಣಬು, ನಡುವೆ ತೆಂಗು ಇಟ್ಟರೆ ಎರಡರ ಒಳ್ಳೆಯದೂ ಸಿಗುತ್ತದೆ. ದಪ್ಪವನ್ನೂ ಮರೆಯಬೇಡಿ: 4 ಮಿಲಿಮೀಟರನ್ನು 5 ಮಾಡಿದರೆ ಬಗ್ಗದೆ ನಿಲ್ಲುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಲಕ್ಷಣ: ಹಲಗೆ ಸೊಟ್ಟಗಾಗುವುದು

ಪಾಲಿಯೆಸ್ಟರ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 5ರಿಂದ 8 ಕುಗ್ಗುತ್ತದೆ. ರೆಸಿನ್ ಹೆಚ್ಚಿರುವ ಬದಿ ಹೆಚ್ಚು ಕುಗ್ಗಿ ಹಲಗೆಯನ್ನು ತನ್ನತ್ತ ಎಳೆಯುತ್ತದೆ. ಹಾಗಾಗಿ ಒಳಬಾಗಿದ ಬದಿಯನ್ನು ನೋಡಿ: ಅಲ್ಲಿ ದಪ್ಪ ಜೆಲ್‌ಕೋಟ್ (ನಾರಿಲ್ಲದ ಹೊರಗಿನ ರೆಸಿನ್ ಲೇಪ) ಇದೆಯೇ, ರೆಸಿನ್ ಕೆರೆ ಕಟ್ಟಿದೆಯೇ? ನಡುಗೆರೆಯಿಂದ ಮೇಲೆ ಕೆಳಗೆ ಪದರಗಳು ಒಂದೇ ಕ್ರಮದಲ್ಲಿರಲಿ. ಬೇಗ ಬಿಡಿಸಿದ್ದೂ ಕಾರಣವಿರಬಹುದು, ಕನಿಷ್ಠ ಒಂದು ಹಗಲು ರಾತ್ರಿ ಅಚ್ಚಿನಲ್ಲೇ ಇರಲಿ. ಸ್ವಲ್ಪ ಸೊಟ್ಟಗಾದದ್ದನ್ನು ಎರಡು ಸಪಾಟು ಹಲಗೆಗಳ ನಡುವೆ ಬಿಗಿದು 80 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟು, ಬಿಗಿದಂತೆಯೇ ತಣಿಸಿದರೆ ಬಹುಪಾಲು ನೇರವಾಗುತ್ತದೆ. ತಿಂಗಳ ನಂತರ ಸೊಟ್ಟಗಾದರೆ ಅದು ಕುಗ್ಗುವಿಕೆಯಲ್ಲ, ಒಂದೇ ಬದಿ ನೀರು ಕುಡಿದಿದೆ. ಮುಂದಿನ ಭಾಗ ಓದಿ.

ಲಕ್ಷಣ: ಅಂಚು ಊದುವುದು, ಬೂಷ್ಟು, ಬಣ್ಣ ಮಾಸುವುದು

ನೀರು ಒಳಗೆ ಬರುವುದು ಸಾಮಾನ್ಯವಾಗಿ ಕೊಯ್ದ ಅಂಚು ಮತ್ತು ಕೊರೆದ ತೂತಿನಿಂದ. ಅಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ನಾರಿನ ಒಳಗೆ ಉದ್ದಕ್ಕೂ ಟೊಳ್ಳು ಕೊಳವೆ ಇರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸಿದಂತೆ ಅದು ನೀರನ್ನು ಒಳಗೆ ಎಳೆಯುತ್ತದೆ. ನಾರು ಉಬ್ಬಿ ರೆಸಿನ್ ಬಿರಿಯುತ್ತದೆ, ಬಿರಿದ ಕಡೆ ಇನ್ನಷ್ಟು ನೀರು.

ದಾರಿ ಯಾವುದೆಂದು ಖಚಿತ ಮಾಡಿಕೊಳ್ಳಲು 75 × 25 ಮಿಲಿಮೀಟರಿನ ನಾಲ್ಕು ತುಂಡು ಕೊಯ್ಯಿರಿ. ಎರಡರ ನಾಲ್ಕೂ ಅಂಚಿಗೆ ಎಪಾಕ್ಸಿ ಬಳಿದು ಒಣಗಿಸಿ. ಎಲ್ಲವನ್ನೂ ತೂಗಿ 24 ಗಂಟೆ ನೀರಿನಲ್ಲಿ ಮುಳುಗಿಸಿ, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ಅಂಚು ಮುಚ್ಚಿದ್ದು ಬಹಳ ಕಡಿಮೆ ಕುಡಿದಿದ್ದರೆ ಎಲ್ಲ ಹಲಗೆಗಳ ಅಂಚು, ತೂತುಗಳಿಗೆ ಎರಡು ಕೈ ಎಪಾಕ್ಸಿ ಬಳಿದರೆ ಆಯಿತು. ನಾಲ್ಕೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಡಿದಿದ್ದರೆ ಮೈಯೇ ತೂತು ತೂತು: ಹೊರಪದರದಲ್ಲಿ ನಾರು ಬಯಲಾಗಿದೆ. ಎರಡೂ ಬದಿಗೆ ಜೆಲ್‌ಕೋಟ್ ಬೇಕು.

ಬೂಷ್ಟು ಕಂಡರೆ ಒಳಗಿನ ತೇವ ಶೇ. 20ರ ಹತ್ತಿರ ಮುಟ್ಟಿದೆ ಎಂದರ್ಥ. ಒಣ ಬಟ್ಟೆಯಲ್ಲಿ ಒರೆಸಬೇಡಿ, ಬೀಜಕಗಳು ಹಾರುತ್ತವೆ. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ತೆಗೆದು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಆಮೇಲೆ ನಾಣ್ಯ ತಟ್ಟಿ ನೋಡಿ. ಸದ್ದು ಮಂಕಾಗಿದ್ದರೆ ಮೇಲೆ ಬಣ್ಣ ಬಳಿದು ಮುಚ್ಚುವುದು ವ್ಯರ್ಥ. ಬಿಸಿಲಿಗೆ ಬಣ್ಣ ಮಾಸಿ ನಾರು ಮೇಲೆದ್ದರೆ ಅತಿನೇರಳೆ ಕಿರಣ ಲಿಗ್ನಿನ್ ಮತ್ತು ರೆಸಿನ್ ಎರಡನ್ನೂ ತಿನ್ನುತ್ತಿದೆ. ಹೊರಾಂಗಣಕ್ಕೆ ಇಡುವ ಹಲಗೆಗೆ ಯುವಿ ತಡೆಯುವ ಲೇಪ ಮೊದಲ ದಿನವೇ ಬೇಕು.

ಲಕ್ಷಣ: ಬಿಸಿ ಪ್ರೆಸ್ ತೆರೆದಾಗ ಉಬ್ಬು, ಕಂದು ಬಣ್ಣ, ಸುಟ್ಟ ವಾಸನೆ

ಒಂದು ಗ್ರಾಂ ನೀರು ಆವಿಯಾದರೆ 1.7 ಲೀಟರ್. ಶೇ. 12 ತೇವವಿರುವ ಒಂದು ಕೆಜಿ ಸೆಣಬು ಪ್ರೆಸ್‌ಗೆ ಹೋದರೆ 200 ಲೀಟರ್ ಆವಿ ಹೊರಬರಲು ಕಾಯುತ್ತಿರುತ್ತದೆ. ಪ್ರೆಸ್ ಬಾಯಿ ತೆರೆದ ಕೂಡಲೇ ಹಲಗೆ ಪೂರಿಯಂತೆ ಉಬ್ಬುವುದು ಇದಕ್ಕೇ. ಆ ಕ್ಷಣ ಬಗ್ಗಿ ನೋಡಬೇಡಿ, ಬಿಸಿ ಆವಿ ಮುಖಕ್ಕೆ ಹೊಡೆಯುತ್ತದೆ. ನಾರನ್ನು ಶೇ. 2ರೊಳಗೆ ಒಣಗಿಸಿ, ಒತ್ತುವಾಗ ಆರಂಭದಲ್ಲಿ ಒಂದೆರಡು ಬಾರಿ ಒತ್ತಡ ಸಡಿಲಿಸಿ ಆವಿ ಬಿಡಿ, ತೆರೆಯುವ ಮುಂಚೆ ಒತ್ತಡದಲ್ಲೇ ತಣಿಸಿ.

ಕಂದು ಬಣ್ಣ, ಸುಟ್ಟ ಬೆಲ್ಲದ ವಾಸನೆ ಬಂದರೆ ಶಾಖ ಹೆಚ್ಚು. ಪಾಲಿಪ್ರೊಪಿಲೀನ್ 165 ಡಿಗ್ರಿ ಹತ್ತಿರ ಕರಗುತ್ತದೆ, ಗಿಡದ ನಾರು 200 ಡಿಗ್ರಿಯಲ್ಲಿ ಕೆಡತೊಡಗುತ್ತದೆ. ನಿಮಗಿರುವುದು ಇವೆರಡರ ನಡುವಿನ ಕಿರಿದಾದ ದಾರಿ: 175ರಿಂದ 190, ಅದೂ ಕೆಲವೇ ನಿಮಿಷ. ಪ್ರೆಸ್‌ನ ಮೀಟರ್ ನಂಬದೆ ತಟ್ಟೆಯ ಮೇಲ್ಮೈಗೆ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಇಟ್ಟು ನೋಡಿ, ಮೂಲೆಗೂ ನಡುವಿಗೂ ವ್ಯತ್ಯಾಸ ಇರುತ್ತದೆ. ಬಣ್ಣ ಸರಿಯಿದ್ದೂ ನಾರು ಕಿತ್ತು ಬಂದರೆ, ನೀರಿನ ನೆಂಟನಾದ ನಾರಿಗೂ ಜಿಡ್ಡಿನ ಜಾತಿಯ ಪಾಲಿಪ್ರೊಪಿಲೀನ್‌ಗೂ ನಡುವೆ ಕೊಂಡಿ ಇಲ್ಲ. ಮ್ಯಾಲಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಪ್ರೊಪಿಲೀನ್ ಶೇ. 3ರಷ್ಟು ಬೆರೆಸಿ.

ಎಲ್ಲಿ ನಿಲ್ಲಿಸಬೇಕು

ನಾರು ಒಣಗಿಸಿ, ತೊಳೆದು, ಅಳತೆ ಸರಿಪಡಿಸಿ ಮೂರು ಬಾರಿ ಮಾಡಿದರೂ ಅದೇ ದೋಷ ಬಂದರೆ ಇನ್ನಷ್ಟು ರೆಸಿನ್ ಹಾಳು ಮಾಡಬೇಡಿ. ತುಂಡುಗಳನ್ನು ಪರೀಕ್ಷೆಗೆ ಕೊಡಿ. ಮೈಸೂರಿನ ಸಿಪೆಟ್ ಪ್ಲಾಸ್ಟಿಕ್ ಪರೀಕ್ಷೆಗಳಿಗೆ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ತೆಂಗಿನ ನಾರಿನ ವಿಷಯಕ್ಕೆ ಬೆಂಗಳೂರಿನ ಪೀಣ್ಯದಲ್ಲಿ ಕಾಯರ್ ಬೋರ್ಡಿನ ತಂತ್ರಜ್ಞಾನ ಸಂಸ್ಥೆಯಿದೆ. ಎಎಸ್‌ಟಿಎಂ ಎಂಬ ಪರೀಕ್ಷಾ ಮಾನದಂಡಗಳಲ್ಲಿ ಎಳೆತಕ್ಕೆ ಡಿ3039, ಬಾಗುವಿಕೆಗೆ ಡಿ790, ನೀರು ಹೀರುವಿಕೆಗೆ ಡಿ570 ಎಂದು ಕೇಳಿ. ಪಾಲಿಯೆಸ್ಟರ್ ಬಲಿತಿದೆಯೇ ಎಂದು ತಿಳಿಯಲು ಬಾರ್ಕಾಲ್ (ಮೇಲ್ಮೈಗೆ ಸೂಜಿ ಒತ್ತಿ ಅಳೆಯುವ) ಗಡಸುತನ ಪರೀಕ್ಷೆ ಸಾಕು. ತುಂಡುಗಳ ಜೊತೆ ನಾರಿನ ತೂಕ, ರೆಸಿನ್ ತೂಕ, ಕ್ಯಾಟಲಿಸ್ಟ್ ಪ್ರಮಾಣ, ಒಣಗಿಸಿದ ಹೊತ್ತು, ಆ ದಿನದ ಹವೆ ಬರೆದ ಚೀಟಿ ಕೊಡದಿದ್ದರೆ ಅವರಿಗೂ ಊಹೆಯೇ ಗತಿ.

ಜನರ ಭಾರ ಹೊರುವ ಕಡೆ, ಅಂದರೆ ತಾರಸಿಯ ಹಲಗೆ, ಏಣಿ, ಹೆಲ್ಮೆಟ್, ವಾಹನದ ಚಾಸಿಗೆ ಜೋಡಿಸುವ ಭಾಗಗಳಲ್ಲಿ ಮಂಕು ಸದ್ದಾಗಲಿ ಬಿರುಕಾಗಲಿ ಕಂಡರೆ ತೇಪೆ ಹಾಕಿ ಬಳಸುವಂತಿಲ್ಲ. ಬಳಕೆ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಒಲೆ, ಗ್ಯಾಸ್, ವಿದ್ಯುತ್ ಬೋರ್ಡಿನ ಪಕ್ಕ ಈ ಹಲಗೆಗಳನ್ನು ಬೆಂಕಿ ತಡೆಯುವ ಸಂಸ್ಕಾರವಿಲ್ಲದೆ ಹಾಕಬೇಡಿ, ನಾರೂ ಉರಿಯುತ್ತದೆ, ರೆಸಿನ್ ಕೂಡ ಉರಿಯುತ್ತದೆ. ರೆಸಿನ್ ಕೆಲಸದಲ್ಲಿ ತಲೆಸುತ್ತು, ಕೈಮೇಲೆ ಕೆಂಪು ದದ್ದು, ಉಸಿರಾಡಲು ಕಷ್ಟ ಬಂದರೆ ಆ ದಿನದ ಕೆಲಸ ಅಲ್ಲಿಗೆ ಬಿಟ್ಟು ವೈದ್ಯರ ಬಳಿ ಹೋಗಿ. ಹೋಗುವಾಗ ರೆಸಿನ್ ಮತ್ತು ಹಾರ್ಡ್‌ನರ್ ಡಬ್ಬಿಯ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ.